‘ಯಾರ ಎತ್ತನ್ನು ತೆಗೆದುಕೊಂಡಿದ್ದೇನೆ?’: ಪಂಚಾಯಿತಿ ಚುನಾವಣೆಗೆ ಬೈಬಲಿನ ಅಳತೆ

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರ ಮೆಥೋಡಿಸ್ಟ್ ಸಭೆಯ ಸದಸ್ಯ. ಬರಲಿರುವ ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡಿನಿಂದ ಮೂವರು ನಿಲ್ಲುವ ಸಿದ್ಧತೆಯಲ್ಲಿದ್ದಾರೆ. ಒಬ್ಬರು ನಮ್ಮ ಸಭೆಯವರೇ. ಆದರೆ ದೇವಾಲಯದ ದುರಸ್ತಿಗೆಂದು ಕೂಡಿಸಿದ ಹಣದ ಲೆಕ್ಕವನ್ನು ಅವರು ಇನ್ನೂ ಸಭೆಯ ಮುಂದೆ ಇಟ್ಟಿಲ್ಲ. ಇನ್ನೊಬ್ಬರು ಬೇರೆ ಧರ್ಮದವರು. ಪಡಿತರ ಚೀಟಿ, ವಿಧವಾ ವೇತನದ ಕೆಲಸಗಳಿಗೆ ಜಾತಿ ನೋಡದೆ ಓಡಾಡಿದ್ದಾರೆ, ಯಾರಿಂದಲೂ ದುಡ್ಡು ಪಡೆದದ್ದು ಕೇಳಿಲ್ಲ. ಮೂರನೆಯವರು ಮನೆಗೆ ಇಷ್ಟೆಂದು ಹಣ ಹಂಚುವವರು. ನಮ್ಮ ದೇವಾಲಯಕ್ಕೆ ಕಾಂಪೌಂಡ್ ಗೋಡೆ ಕಟ್ಟಿಸಿಕೊಡುವುದಾಗಿಯೂ ಮಾತು ಕೊಟ್ಟಿದ್ದಾರೆ. ‘ದೇವಭಕ್ತರನ್ನು ಆರಿಸಿಕೊಳ್ಳಿರಿ ಎಂದು ವಾಕ್ಯ ಹೇಳುತ್ತದೆ, ಆದ್ದರಿಂದ ಎಲ್ಲರೂ ಒಟ್ಟಾಗಿ ನಮ್ಮವರಿಗೇ ಹಾಕಬೇಕು’ ಎನ್ನುವುದು ಸಭೆಯ ಹಿರಿಯರ ಮಾತು. ‘ಹಣ ತೆಗೆದುಕೊಂಡು ಮತವನ್ನು ಬೇಕಾದವರಿಗೆ ಹಾಕಿದರೆ ತಪ್ಪೇನು’ ಎನ್ನುವುದು ಯುವಕರ ಮಾತು. ನಾನು ಏನು ಮಾಡಬೇಕು?

ಉತ್ತರ: ಬೈಬಲಿನಲ್ಲಿ ಎಲ್ಲಿಯೂ ನಮ್ಮ ಹಾಗೆ ಮತಪೆಟ್ಟಿಗೆಯ ಮುಂದೆ ಸಾಲು ನಿಂತವರಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಇಸ್ರಾಯೇಲಿನಲ್ಲಿ ಕುಲದ ಹಿರಿಯರಿದ್ದರು, ನ್ಯಾಯಸ್ಥಾಪಕರಿದ್ದರು, ಆಮೇಲೆ ಅರಸರು ಬಂದರು. ಹೊಸ ಒಡಂಬಡಿಕೆಯ ಸಭೆಗಳಂತೂ ರೋಮ್ ಸಾಮ್ರಾಜ್ಯದ ಕೆಳಗೆ, ಆಳುವವರನ್ನು ಆರಿಸುವ ಅಧಿಕಾರವೇ ಇಲ್ಲದೆ ಬದುಕಿದವು. ಹೀಗಿರುವಾಗ ಒಂದು ವಚನವನ್ನು ಕಿತ್ತು ತಂದು ನೇರವಾಗಿ ಮತಚೀಟಿಗೆ ಅಂಟಿಸುವುದು ವಾಕ್ಯಕ್ಕೆ ಮಾಡುವ ಗೌರವವಲ್ಲ. ಆದರೆ ಒಬ್ಬ ಮನುಷ್ಯನ ಕೈಗೆ ಹತ್ತು ಜನರ ಬದುಕು ಬಂದಾಗ ಅವನನ್ನು ಯಾವುದರಿಂದ ಅಳೆಯಬೇಕು ಎಂಬ ವಿಷಯದಲ್ಲಿ ಧರ್ಮಶಾಸ್ತ್ರ, ಪ್ರವಾದಿಗಳು, ಅಪೊಸ್ತಲರು ಮೂವರೂ ಒಂದೇ ಕಡೆ ಬೆರಳು ತೋರಿಸುತ್ತಾರೆ. ಇತರರ ಪಾಲಿನದ್ದು ಅವನ ಕೈಯಲ್ಲಿ ಹಾದುಹೋದಾಗ ಅವನು ಏನು ಮಾಡಿದ? ಇದು ಅವರೆಲ್ಲರ ಮೊದಲ ಪ್ರಶ್ನೆ. ನಿಮ್ಮ ಮೂವರು ಅಭ್ಯರ್ಥಿಗಳ ಮುಂದೆಯೂ ಇದನ್ನೇ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಿರಿಯರು ಎತ್ತಿರುವ ವಚನದಿಂದಲೇ ಆರಂಭಿಸುತ್ತೇನೆ. ಅದು ವಿಮೋಚನಕಾಂಡ 18:21. ಮೋಶೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿರುವುದನ್ನು ಅವನ ಮಾವ ಇತ್ರೋ ನೋಡುತ್ತಾನೆ. ‘ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ’ ಎಂದು ಎಚ್ಚರಿಸಿ, ಸಾವಿರ ಜನಕ್ಕೆ, ನೂರು ಜನಕ್ಕೆ, ಐವತ್ತು ಜನಕ್ಕೆ, ಹತ್ತು ಜನಕ್ಕೆ ಒಬ್ಬೊಬ್ಬನಂತೆ ಮುಖ್ಯಸ್ಥರನ್ನು ನೇಮಿಸಲು ಹೇಳುತ್ತಾನೆ. ಅವರು ಸಮರ್ಥರಾಗಿರಬೇಕು, ದೇವರಿಗೆ ಹೆದರುವವರಾಗಿರಬೇಕು, ನಂಬಿಗಸ್ತರಾಗಿರಬೇಕು, ಲಂಚವನ್ನು ಹಗೆಮಾಡುವವರಾಗಿರಬೇಕು. ನಾಲ್ಕು ಗುಣಗಳೂ ಒಬ್ಬನಲ್ಲೇ ಕೂಡಿರಬೇಕು ಎಂಬುದು ಅಲ್ಲಿಯ ಮಾತು. ನಿಮ್ಮ ಹಿರಿಯರು ನಾಲ್ಕರಲ್ಲಿ ಒಂದನ್ನು ಇಟ್ಟುಕೊಂಡು ಮೂರನ್ನು ಬದಿಗಿಟ್ಟಿದ್ದಾರೆ. ದೇವಭಯವೆನ್ನುವುದು ಹೊರಗಣ್ಣಿಗೆ ಕಾಣದ ಗುಣ. ಅದು ಇದೆಯೋ ಇಲ್ಲವೋ ಎಂಬುದು ಉಳಿದ ಮೂರರಲ್ಲಿ, ಅದರಲ್ಲೂ ಕಡೆಯದರಲ್ಲಿ, ಗೊತ್ತಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಈ ಸಲಹೆ ಕೊಟ್ಟ ಇತ್ರೋ ಮಿದ್ಯಾನಿನ ಆಚಾರ್ಯ, ಇಸ್ರಾಯೇಲಿನ ಕುಲದವನೇ ಅಲ್ಲ. ಹೊರಗಿನವನ ಮಾತಿನಲ್ಲಿದ್ದ ವಿವೇಕವನ್ನು ಮೋಶೆ ಮರುಮಾತಿಲ್ಲದೆ ಸ್ವೀಕರಿಸಿದನು.

ದೇವಭಯ ನಮ್ಮ ಸಭೆಯ ದಾಖಲೆ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ ಸೇರಿದ್ದೆಂಬ ಎಣಿಕೆಯನ್ನು ಬೈಬಲೇ ತಿದ್ದುತ್ತದೆ. ಆದಿಕಾಂಡದ 20ನೆಯ ಅಧ್ಯಾಯದಲ್ಲಿ ಅಬ್ರಹಾಮನು ಗೆರಾರ್ ಊರಿಗೆ ಬಂದಾಗ, ಇಲ್ಲಿಯ ಜನರಲ್ಲಿ ದೇವಭಯವೇ ಇರಲಾರದು, ಹೆಂಡತಿಗಾಗಿ ನನ್ನನ್ನು ಕೊಂದಾರು ಎಂದು ಊಹಿಸಿಕೊಂಡು ಸಾರಳನ್ನು ತಂಗಿಯೆಂದು ಹೇಳುತ್ತಾನೆ. ಕಡೆಗೆ ನೋಡಿದರೆ ದೇವರ ಎಚ್ಚರಿಕೆ ಕೇಳಿದ ಕೂಡಲೇ ಬೆಳಿಗ್ಗೆ ಎದ್ದು ತನ್ನ ಸೇವಕರನ್ನು ಕರೆದು, ಸಾರಳನ್ನು ಹಿಂದಕ್ಕೆ ಕಳುಹಿಸಿ, ‘ನಮಗೆ ಹೀಗೆ ಏಕೆ ಮಾಡಿದೆ’ ಎಂದು ನ್ಯಾಯವಾಗಿ ಕೇಳಿದವನು ಆ ಊರಿನ ಅರಸನೇ. ವಿಶ್ವಾಸಿಗಳ ತಂದೆಯೆನಿಸಿಕೊಂಡ ಅಬ್ರಹಾಮನ ಊಹೆ ಅಲ್ಲಿ ಸುಳ್ಳಾಯಿತು. ಹಾಗೆಯೇ ಪಾರಸಿಯ ಕೋರೆಷನನ್ನು ಯೆಶಾಯನ ಗ್ರಂಥ ಕರ್ತನ ಅಭಿಷಿಕ್ತನೆಂದು ಕರೆಯುತ್ತದೆ. ಅದೇ ಭಾಗದಲ್ಲಿ ‘ನೀನು ನನ್ನನ್ನು ತಿಳಿಯದವನಾಗಿದ್ದರೂ’ ಎಂಬ ಮಾತೂ ಇದೆ (45:1–5). ಬಾಬೆಲಿನಲ್ಲಿ ಸೆರೆಯಾಗಿದ್ದ ಯೆಹೂದ್ಯರನ್ನು ಊರಿಗೆ ಕಳುಹಿಸಿ, ಯೆರೂಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಲು ಅಪ್ಪಣೆ ಕೊಟ್ಟ ಅರಸನು ಅವನು.

ಇಲ್ಲಿ ಯಾರಾದರೂ ಧರ್ಮೋಪದೇಶಕಾಂಡ 17:15ನ್ನು ತೋರಿಸಬಹುದು: ‘ಸಹೋದರರಲ್ಲಿ ಒಬ್ಬನನ್ನೇ ಅರಸನನ್ನಾಗಿ ಮಾಡಿಕೊಳ್ಳಬೇಕು, ಪರದೇಶಿಯನ್ನು ಮಾಡಿಕೊಳ್ಳಬಾರದು.’ ಆ ನಿಯಮ ಒಡಂಬಡಿಕೆಯ ಜನಾಂಗದ ಅರಸನಿಗೆ ಕೊಟ್ಟದ್ದು. ನಮ್ಮ ಗ್ರಾಮ ಪಂಚಾಯಿತಿ ಒಡಂಬಡಿಕೆಯ ಜನಾಂಗವಲ್ಲ; ಅಲ್ಲಿ ಲಿಂಗಾಯತರು, ಮುಸ್ಲಿಮರು, ಮರಾಠರು, ದಲಿತರು, ಕ್ರೈಸ್ತರು ಒಂದೇ ಕೊಳವೆಬಾವಿಯ ನೀರಿಗೂ ಒಂದೇ ರಸ್ತೆಗೂ ಪಾಲುದಾರರು. ಬಾಬೆಲಿನಲ್ಲಿದ್ದ ಸೆರೆಯವರಿಗೆ ಯೆರೆಮೀಯನು ಬರೆದ ಪತ್ರ (29:7) ನಮ್ಮ ಸ್ಥಿತಿಗೆ ಹೆಚ್ಚು ಹತ್ತಿರ: ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ. ಅಷ್ಟೇ ಅಲ್ಲದೆ ಹದಿನೇಳನೆಯ ಅಧ್ಯಾಯ ಆ ಒಂದು ವಚನಕ್ಕೆ ನಿಲ್ಲುವುದಿಲ್ಲ. ಸಹೋದರನೇ ಆಗಿದ್ದರೂ ಅವನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಬೆಳ್ಳಿಬಂಗಾರವನ್ನು ಕೂಡಿಸಿಟ್ಟುಕೊಳ್ಳಬಾರದು, ಸಹೋದರರಿಗಿಂತ ತಾನು ಮೇಲೆಂದು ಹೆಚ್ಚಳಪಡಬಾರದು, ಧರ್ಮಶಾಸ್ತ್ರದ ಪ್ರತಿಯನ್ನು ಬರೆಸಿಕೊಂಡು ದಿನವೂ ಓದಬೇಕು. ಅಂದರೆ ‘ನಮ್ಮವನು’ ಎಂಬ ಅರ್ಹತೆಯ ಬೆನ್ನಿಗೇ ಆ ನಮ್ಮವನಿಗೆ ಹಾಕುವ ಕಡಿವಾಣವೂ ಬಂದಿದೆ.

‘ನಮ್ಮವನು’ ಎಂಬ ಒಂದೇ ಕಾರಣಕ್ಕೆ ಆಳುವವನನ್ನು ಮಾಡಿಕೊಂಡರೆ ಏನಾಗುತ್ತದೆಂಬುದಕ್ಕೆ ನ್ಯಾಯಸ್ಥಾಪಕರು 9ನೆಯ ಅಧ್ಯಾಯಕ್ಕಿಂತ ಸ್ಪಷ್ಟವಾದ ಭಾಗ ನನಗೆ ತಿಳಿದಿಲ್ಲ. ಚುನಾವಣೆಯ ಹೊತ್ತಿನಲ್ಲಿ ನಮ್ಮ ಸಭೆಗಳಲ್ಲಿ ಇದನ್ನು ಪೂರ್ತಿಯಾಗಿ ಗಟ್ಟಿಯಾಗಿ ಓದಬೇಕೆಂದು ನಾನು ಸಭಾಪಾಲಕರನ್ನು ಕೇಳಿಕೊಳ್ಳುತ್ತೇನೆ. ಗಿದ್ಯೋನನ ಮಗ ಅಬೀಮೆಲೆಕನು ತನ್ನ ತಾಯಿಯ ಊರಾದ ಶೆಕೆಮಿಗೆ ಹೋಗುತ್ತಾನೆ. ಅವನ ಪ್ರಚಾರದಲ್ಲಿ ಎರಡೇ ಮಾತು: ಗಿದ್ಯೋನನ ಎಪ್ಪತ್ತು ಮಂದಿ ಮಕ್ಕಳು ನಿಮ್ಮನ್ನು ಆಳುವುದು ಒಳ್ಳೆಯದೋ, ಒಬ್ಬನು ಆಳುವುದು ಒಳ್ಳೆಯದೋ, ನಾನು ನಿಮ್ಮ ರಕ್ತಸಂಬಂಧಿ ಎಂಬುದನ್ನು ನೆನಪಿಡಿರಿ. ಸೋದರಮಾವಂದಿರು ಮನೆಮನೆಗೆ ಹೋಗಿ ಇದನ್ನು ಹೇಳುತ್ತಾರೆ. ‘ನಮ್ಮವನೇ ಅಲ್ಲವೇ’ ಎಂದು ಜನರ ಮನಸ್ಸು ತಿರುಗುತ್ತದೆ. ಆ ಕೂಡಲೇ ಬಾಳ್‌ಬೆರೀತನ ಗುಡಿಯ ಬೊಕ್ಕಸದಿಂದ ಎಪ್ಪತ್ತು ಬೆಳ್ಳಿ ನಾಣ್ಯ ಹೊರಬರುತ್ತದೆ. ಆ ಹಣದಿಂದ ಅವನು ಕೆಲಸವಿಲ್ಲದ ಪುಂಡರನ್ನು ಕೂಲಿಗೆ ಹಿಡಿದು, ಒಫ್ರಕ್ಕೆ ಹೋಗಿ ತನ್ನ ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಿಸುತ್ತಾನೆ. ರಕ್ತಸಂಬಂಧದ ಮಾತು, ಗುಡಿಯ ದುಡ್ಡು, ಬಾಡಿಗೆಯ ಹುಡುಗರು: ಮೂರು ಸಾವಿರ ವರ್ಷಗಳ ಹಿಂದಿನ ಈ ಕಥೆಯಲ್ಲಿ ನಮ್ಮ ತಾಲ್ಲೂಕಿನ ಯಾವ ಓದುಗನಿಗೂ ಅಪರಿಚಿತವಾದದ್ದು ಒಂದೂ ಇಲ್ಲ.

ತಪ್ಪಿಸಿಕೊಂಡು ಉಳಿದ ಗಿದ್ಯೋನನ ಕಿರಿಯ ಮಗ ಯೋತಾಮನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಶೆಕೆಮಿನವರಿಗೆ ಒಂದು ಸಾಮತಿ ಹೇಳಿದನು. ಮರಗಳು ಅರಸನನ್ನು ಹುಡುಕಲು ಹೊರಟವು. ಎಣ್ಣೇಮರ ತನ್ನ ಎಣ್ಣೆಯನ್ನು ಬಿಟ್ಟು ಬರಲಾರೆನೆಂದಿತು. ಅಂಜೂರ ತನ್ನ ಸಿಹಿಯನ್ನು, ದ್ರಾಕ್ಷಿ ತನ್ನ ರಸವನ್ನು ಬಿಡಲಾರೆನೆಂದವು. ಕಡೆಗೆ ಮುಳ್ಳಿನ ಗಿಡವೇ ಒಪ್ಪಿ, ‘ನನ್ನ ನೆರಳಿನಲ್ಲಿ ಆಶ್ರಯಪಡೆಯಿರಿ, ಇಲ್ಲವಾದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನು ಸುಡಲಿ’ ಎಂದಿತು. ಮುಳ್ಳಿನ ಗಿಡಕ್ಕೆ ನೆರಳೆಲ್ಲಿದೆ? ಅದು ಕೊಡಲಾರದ್ದನ್ನೇ ಅದು ಮಾತು ಕೊಟ್ಟಿತು, ಜೊತೆಗೇ ಬೆದರಿಕೆಯನ್ನೂ ಹಾಕಿತು. ಅಬೀಮೆಲೆಕನು ಮೂರು ವರ್ಷ ಆಳಿದನು. ಆಮೇಲೆ ಅವನನ್ನು ನಿಲ್ಲಿಸಿದ ಶೆಕೆಮಿನವರೇ ಅವನಿಗೆ ತಿರುಗಿಬಿದ್ದರು, ಅವನು ಅವರ ಬುರುಜಿಗೇ ಬೆಂಕಿ ಹಚ್ಚಿದನು. ಈ ಸಾಮತಿಯಲ್ಲಿ ಎಣ್ಣೇಮರಕ್ಕೂ ಅಂಜೂರಕ್ಕೂ ಒಂದು ಗದರಿಕೆ ಇದೆಯೆಂದೇ ನಾನು ಓದುತ್ತೇನೆ. ಊರಿನಲ್ಲಿ ಒಳ್ಳೆಯ ಹೆಸರಿರುವ ಶಿಕ್ಷಕರು, ಸ್ವಸಹಾಯ ಸಂಘವನ್ನು ಪೈಸೆ ತಪ್ಪದೆ ನಡೆಸುವ ತಾಯಂದಿರು, ನಿವೃತ್ತ ನೌಕರರು ‘ಈ ರಾಜಕೀಯ ನಮಗೇಕೆ’ ಎಂದು ಹಿಂದೆ ಸರಿದಾಗಲೇ ಮುಳ್ಳಿನ ಗಿಡಕ್ಕೆ ದಾರಿಯಾಗುವುದು.

ಹಾಗೆಂದು ನಿಮ್ಮ ಸಭೆಯ ಅಭ್ಯರ್ಥಿ ಅಬೀಮೆಲೆಕನೆಂದು ನಾನು ಹೇಳುತ್ತಿಲ್ಲ. ಅವರ ಮೇಲಿರುವುದು ಲೆಕ್ಕ ಕೊಡದ ದೂರು, ಕದ್ದರೆಂಬ ದೂರಲ್ಲ. ಎರಡಕ್ಕೂ ಅಂತರವಿದೆ. ಆದರೆ ಲೆಕ್ಕದ ವಿಷಯವನ್ನು ಅಪೊಸ್ತಲ ಪೌಲನು ಎಷ್ಟು ಗಂಭೀರವಾಗಿ ಕಂಡನೆಂಬುದನ್ನು ನೋಡಿ. ಯೆರೂಸಲೇಮಿನ ಬಡವರಿಗಾಗಿ ಸಭೆಗಳು ಕೂಡಿಸಿದ ಹಣವನ್ನು ಅವನು ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದ ಸಹೋದರರನ್ನು ಜೊತೆಗಿಟ್ಟುಕೊಂಡನು. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲಿಯೂ ಗೌರವವಾದದ್ದನ್ನೇ ಯೋಚಿಸುತ್ತೇವೆಂದು ಕೊರಿಂಥದವರಿಗೆ ಬರೆದನು (2 ಕೊರಿಂಥ 8:18–21). ‘ದೇವರಿಗೆ ಗೊತ್ತು, ನಿಮಗೆ ಯಾಕೆ ಲೆಕ್ಕ’ ಎಂಬ ಉತ್ತರಕ್ಕೆ ಪೌಲನ ಬಳಿ ಜಾಗವಿರಲಿಲ್ಲ. ಸಭಾಧ್ಯಕ್ಷನಾಗುವವನಿಗೆ ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಇರಬೇಕೆಂದು ತಿಮೊಥೆಗೆ ಬರೆದ ಮೊದಲ ಪತ್ರ ಹೇಳುತ್ತದೆ (3:7). ಅದು ಸಭೆಯ ಪದವಿಯ ಅರ್ಹತೆ, ಪಂಚಾಯಿತಿಯದಲ್ಲ. ಆದರೂ ಸಭೆಯೊಳಗಿನ ಹುದ್ದೆಗೇ ಇಷ್ಟು ಬೇಕಾದರೆ, ಹೊರಗಿನವರ ಹಣವನ್ನೇ ಕೈಯಲ್ಲಿ ಹಿಡಿಯುವ ಹುದ್ದೆಗೆ ಇದಕ್ಕಿಂತ ಕಡಿಮೆ ಸಾಕೆನ್ನುವುದು ಹೇಗೆ? ಆದ್ದರಿಂದ ಹಿರಿಯರು ಮೊದಲು ಮಾಡಬೇಕಾದ ಕೆಲಸ ಆ ಸಹೋದರರನ್ನು ಪ್ರೀತಿಯಿಂದ ಕರೆದು, ನಾಮಪತ್ರ ಸಲ್ಲಿಸುವ ಮುಂಚೆ, ರಸೀದಿಗಳ ಸಮೇತ ಲೆಕ್ಕವನ್ನು ಸಭೆಯ ಮುಂದೆ ಓದಿಸುವುದು. ಲೆಕ್ಕ ಸರಿಯಿದ್ದರೆ ಅವರ ಮರ್ಯಾದೆ ಹೆಚ್ಚುತ್ತದೆ, ನಿಮ್ಮ ಆಯ್ಕೆಯೂ ಬೇರೆಯಾಗಬಹುದು. ಓದಲು ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಈ ಉತ್ತರಕ್ಕೆ ಶಿರೋನಾಮೆಯಾಗಿ ಇಟ್ಟಿರುವ ಮಾತು ಸಮುವೇಲನದು. ಜನರು ಅರಸನನ್ನು ಕೇಳಿದಾಗ ಅವನು ಕೊಟ್ಟ ಎಚ್ಚರಿಕೆಯನ್ನು (1 ಸಮುವೇಲ 8) ನೀವು ಬಲ್ಲಿರಿ: ಅರಸನು ನಿಮ್ಮ ಗಂಡುಮಕ್ಕಳನ್ನು ರಥಗಳಿಗೆ, ಹೆಣ್ಣುಮಕ್ಕಳನ್ನು ಅಡಿಗೆಗೆ, ನಿಮ್ಮ ಹೊಲದ್ರಾಕ್ಷೆತೋಟಗಳಲ್ಲಿ ಉತ್ತಮವಾದವುಗಳನ್ನು ತನ್ನ ಸೇವಕರಿಗೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ತನಗೆ ತೆಗೆದುಕೊಳ್ಳುವನು. ಅದೇ ಸಮುವೇಲನು ಗಿಲ್ಗಾಲಿನಲ್ಲಿ ಮುಪ್ಪಿನ ತಲೆಯೊಡನೆ ಜನರ ಮುಂದೆ ನಿಂತು, ಹೊಸ ಅರಸನ ಸಮಕ್ಷಮದಲ್ಲೇ, ತನ್ನ ಮೇಲೆ ಸಾಕ್ಷಿ ಹೇಳಿರೆಂದು ಕರೆಕೊಡುತ್ತಾನೆ (12:3). ನಾನು ಯಾರ ಎತ್ತನ್ನು ತೆಗೆದುಕೊಂಡಿದ್ದೇನೆ? ಯಾರ ಕತ್ತೆಯನ್ನು ತೆಗೆದುಕೊಂಡಿದ್ದೇನೆ? ಯಾರನ್ನು ವಂಚಿಸಿದ್ದೇನೆ, ಯಾರನ್ನು ಪೀಡಿಸಿದ್ದೇನೆ? ಕುರುಡನಂತೆ ಇರುವುದಕ್ಕಾಗಿ ಯಾರ ಕೈಯಿಂದ ಲಂಚ ಪಡೆದಿದ್ದೇನೆ? ಹೇಳಿರಿ, ಹಿಂದಕ್ಕೆ ಕೊಡುತ್ತೇನೆ. ಎತ್ತು, ಕತ್ತೆ ಎಂದರೆ ಅಂದಿನ ಒಕ್ಕಲಿಗನ ಇಡೀ ದುಡಿಮೆ. ಸಮುವೇಲನು ಕೇಳಿದ್ದು ತನ್ನ ಭಕ್ತಿಯ ಬಗ್ಗೆ ಅಲ್ಲ, ಜನರ ಕೊಟ್ಟಿಗೆಯಿಂದ ಏನಾದರೂ ಕಾಣೆಯಾಗಿದೆಯೇ ಎಂದು. ಜನರು ‘ಇಲ್ಲ’ ಎಂದರು. ಅದಕ್ಕೆ ಸಮುವೇಲನು ಯೆಹೋವನನ್ನೂ ಅವನ ಅಭಿಷಿಕ್ತನನ್ನೂ ಸಾಕ್ಷಿಯಿಟ್ಟನು, ಜನರು ಅದನ್ನು ಒಪ್ಪಿಕೊಂಡರು. (ಅವನ ಮಕ್ಕಳಾದ ಯೋವೇಲ, ಅಬೀಯ ಬೇರ್ಷೆಬದಲ್ಲಿ ಲಂಚ ತಿಂದವರೆಂಬುದನ್ನು ಇದೇ ಗ್ರಂಥ ಮುಚ್ಚಿಡುವುದಿಲ್ಲ. ತಂದೆ ಶುದ್ಧನಾಗಿದ್ದನೆಂದು ಮಗನಿಗೆ ಮತ ಹಾಕುವವರು ಇದನ್ನೂ ಓದಬೇಕು.)

ನೆಹೆಮೀಯನ ದಾಖಲೆಯೂ ಇದೇ ಜಾತಿಯದು. ಹನ್ನೆರಡು ವರ್ಷ ಯೆಹೂದದ ದೇಶಾಧಿಪತಿಯಾಗಿದ್ದು, ಅಧಿಪತಿಗೆ ಸಲ್ಲಬೇಕಾದ ಭತ್ಯವನ್ನು ಅವನು ಮುಟ್ಟಲಿಲ್ಲ. ಗೋಡೆಯ ಕೆಲಸದಲ್ಲಿ ನಿರತನಾಗಿದ್ದಾಗ ಹೊಲ ಕೊಳ್ಳಲಿಲ್ಲ (5:14–16). ಕಾರಣವನ್ನು ಅವನೇ ಹೇಳುತ್ತಾನೆ: ಹಿಂದಿನವರು ಜನರ ಮೇಲೆ ಭಾರ ಹೊರಿಸಿದ್ದರು, ‘ನಾನಾದರೋ ದೇವರಿಗೆ ಹೆದರಿ ಹಾಗೆ ಮಾಡಲಿಲ್ಲ.’ ಹಿರಿಯರು ಹುಡುಕುತ್ತಿರುವ ದೇವಭಯ ಇಲ್ಲಿ ಹೊಲ ಕೊಳ್ಳದ ರೂಪದಲ್ಲಿ ಕಾಣಿಸಿಕೊಂಡಿದೆ. ಅಧಿಕಾರಕ್ಕೆ ಬಂದ ಎರಡು ವರ್ಷದಲ್ಲಿ ರಸ್ತೆ ಬದಿಯ ಜಮೀನು ಯಾರ ಹೆಸರಿಗೆ ಬಂದಿದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಗುಟ್ಟಲ್ಲ. ಬೀದರಿನವರಾದ ನಮಗೆ ಈ ಅಳತೆ ಬೈಬಲಿನಿಂದಲೇ ಮೊದಲು ತಿಳಿದದ್ದೂ ಅಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದ ಕಲ್ಯಾಣ ಇರುವುದು ನಮ್ಮ ಜಿಲ್ಲೆಯಲ್ಲೇ. ಭಂಡಾರದ ಹಣ ಮತ್ತು ತನ್ನ ಹಣದ ನಡುವಣ ಗೆರೆಯನ್ನು ಶರಣರು ಎಷ್ಟು ಬಿಗಿಯಾಗಿ ಎಳೆದಿದ್ದರೆಂಬುದು ನೆರೆಮನೆಯ ಲಿಂಗಾಯತ ಹಿರಿಯರಿಗೆ ಬಾಯಿಪಾಠ. ನಿಮ್ಮ ಎರಡನೆಯ ಅಭ್ಯರ್ಥಿಯಲ್ಲಿ ಆ ಗೆರೆ ಕಂಡರೆ, ಅದನ್ನು ದೇವರ ಒಳ್ಳೆಯತನವೆಂದು ಗುರುತಿಸಲು ಕ್ರೈಸ್ತನು ಹಿಂಜರಿಯಬೇಕಾಗಿಲ್ಲ.

ಲೆಕ್ಕ ಕೇಳುವ ಉತ್ಸಾಹದಲ್ಲಿ ಒಂದು ಅಪಾಯವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಾಬೋತನ ದ್ರಾಕ್ಷೆತೋಟಕ್ಕಾಗಿ ರಾಣಿ ಈಜೆಬೆಲಳು ತನ್ನ ಗಂಡನಾದ ಅರಸ ಅಹಾಬನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆ ಒತ್ತಿ, ಇಬ್ಬರು ಸುಳ್ಳುಸಾಕ್ಷಿಗಳನ್ನು ಕೂರಿಸಿ ನಿರಪರಾಧಿಯನ್ನು ಕಲ್ಲೆಸೆದು ಕೊಲ್ಲಿಸಿದಳು (1 ಅರಸುಗಳು 21). ಬೀದರಿನಲ್ಲಿಯೂ ಅಂಥದೇ ನಡೆದಿದೆ. 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗವಾನನ ಮುದ್ರೆ ಬಿದ್ದಿದ್ದ ಖಾಲಿ ಕಾಗದದ ಮೇಲೆ ಅವನ ವೈರಿಗಳು ರಾಜದ್ರೋಹದ ನಕಲಿ ಪತ್ರ ಬರೆದರು. ಸುಲ್ತಾನನು ವಿಚಾರಿಸದೆ 1481ರಲ್ಲಿ ಅವನ ತಲೆ ತೆಗೆಸಿದನು. ಆಮೇಲೆ ಶೋಧಿಸಿದಾಗ ಅವನ ಸ್ವಂತಕ್ಕೆಂದು ಸಿಕ್ಕ ಹಣ ಅಲ್ಪವೆಂದು ಚರಿತ್ರಕಾರರು ಬರೆದಿದ್ದಾರೆ. ಇಂದು ಅಂಥ ಪತ್ರ ಬರೆಯಲು ಮುದ್ರೆಯೂ ಬೇಕಾಗಿಲ್ಲ, ಮತದಾನದ ಹಿಂದಿನ ರಾತ್ರಿ ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಯಾವ ದೂರನ್ನೂ ಸ್ಥಾಪಿಸಬಾರದೆಂಬ ಧರ್ಮೋಪದೇಶಕಾಂಡದ ನಿಯಮವನ್ನು (19:15) ನಿಮ್ಮ ಮೂವರೂ ಅಭ್ಯರ್ಥಿಗಳಿಗೆ ಸಮನಾಗಿ ಅನ್ವಯಿಸಿರಿ, ಹಣ ಹಂಚುವವರೆಂದು ಹೆಸರಾದ ಮೂರನೆಯವರಿಗೂ.

ಈಗ ಹಣದ ವಿಷಯ. ‘ತೆಗೆದುಕೊಂಡು ಬೇರೆಯವರಿಗೆ ಹಾಕಿದರೆ ತಪ್ಪೇನು’ ಎನ್ನುವ ಯುವಕರ ಮಾತಿನಲ್ಲಿ ಒಂದು ಸತ್ಯವಿದೆ: ಮತ ಗುಟ್ಟಾಗಿರುತ್ತದೆ, ಯಾರಿಗೆ ಹಾಕಿದಿರೆಂದು ತಿಳಿಸುವಂತೆ ಯಾರೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಆದರೆ ಹಣ ಪಡೆದ ಕ್ಷಣದಲ್ಲಿ ಒಂದು ಮಾತು ಕೊಟ್ಟಂತಾಯಿತು. ಆ ಮಾತು ಉಳಿಸಿದರೆ ಊರಿಗೆ ದ್ರೋಹ, ಮುರಿದರೆ ಸುಳ್ಳು. ನಿಮ್ಮ ಹೌದು ಹೌದಾಗಿರಲಿ ಎಂದ ಕರ್ತನ ಶಿಷ್ಯನು ಆ ಇಕ್ಕಟ್ಟಿಗೆ ತಾನಾಗಿ ಹೋಗಿ ಸಿಕ್ಕಿಕೊಳ್ಳುವುದೇಕೆ? ಲಂಚವು ಕಣ್ಣುಳ್ಳವರನ್ನೂ ಕುರುಡರನ್ನಾಗಿ ಮಾಡುತ್ತದೆಂದು ವಿಮೋಚನಕಾಂಡ 23:8 ಎಚ್ಚರಿಸುತ್ತದೆ. ನಾನು ಬುದ್ಧಿವಂತ, ನನ್ನನ್ನು ಕೊಳ್ಳಲಾಗದು ಎಂದುಕೊಳ್ಳುವವನಿಗೇ ಆ ಮಾತು. ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 170ನೆಯ ಕಲಮಿನ ಪ್ರಕಾರ ಮತಕ್ಕಾಗಿ ಕೊಡುವವನಂತೆಯೇ ಪಡೆಯುವವನೂ ಅಪರಾಧಿ. ಶಿಕ್ಷೆ ಒಂದು ವರ್ಷದವರೆಗಿನ ಸೆರೆ, ದಂಡ, ಇಲ್ಲವೇ ಎರಡೂ.

ಆದರೆ ಐದುನೂರು ರೂಪಾಯಿಯ ನೋಟು ಹಿಡಿದ ಕೂಲಿಕಾರ ತಾಯಿಯನ್ನು ಸಭೆಯ ಮಧ್ಯದಲ್ಲಿ ನಿಲ್ಲಿಸಿ ಗದರಿಸುವವರ ಜೊತೆ ನಾನಿಲ್ಲ. ಸುಗ್ಗಿ ಮುಗಿದು, ತೊಗರಿ ಕೊಯ್ಲಿನ ಕೂಲಿಯೂ ನಿಂತು, ಮನೆಯ ಗಂಡಸರು ಹೈದರಾಬಾದಿಗೋ ಪುಣೆಗೋ ಕೆಲಸಕ್ಕೆ ಹೋಗಿರುವ ದಿನಗಳಲ್ಲಿ ಆ ನೋಟು ಏನೆಂಬುದು ಅವಳಿಗೇ ಗೊತ್ತು; ಬಾಗಿಲಿಗೆ ಬಂದವನಿಗೆ ಬೇಡವೆಂದರೆ ಮುಂದೆ ಅವನ ಹೊಲದಲ್ಲಿ ಕೆಲಸ ಸಿಗುವುದಿಲ್ಲವೆಂಬ ಭಯವೂ ಇರುತ್ತದೆ. ನೆಹೆಮೀಯನು ಗದರಿಸಿದ್ದು ಹೊಲ ಅಡವಿಟ್ಟವರನ್ನಲ್ಲ, ಅಡವು ಇಟ್ಟುಕೊಂಡ ಶ್ರೀಮಂತರನ್ನು (5:1–13). ಸಭೆಗೆ ಕಾಳಜಿಯಿದ್ದರೆ ಅಂಥ ಮನೆಗಳಿಗೆ ಆ ವಾರ ಒಂದಷ್ಟು ಜೋಳವನ್ನೂ ಬೇಳೆಯನ್ನೂ ಮುಟ್ಟಿಸಲಿ, ಆಮೇಲೆ ಬೋಧಿಸಲಿ.

ಕಾಂಪೌಂಡ್ ಗೋಡೆಯ ವಿಷಯದಲ್ಲಿ ಮಾತ್ರ ನನಗೆ ಅಂಥ ಮೃದುತ್ವವಿಲ್ಲ. ಬಡವಳ ನೋಟಿಗಿಂತ ಸಭೆಯ ಗೋಡೆ ದೊಡ್ಡ ತಪ್ಪು. ಮುಖ್ಯಸ್ಥರು ಲಂಚಕ್ಕೆ ನ್ಯಾಯ ತೀರಿಸುತ್ತಾರೆ, ಯಾಜಕರು ಕೂಲಿಗೆ ಬೋಧಿಸುತ್ತಾರೆ, ಪ್ರವಾದಿಗಳು ಹಣಕ್ಕೆ ಕಣಿ ಹೇಳುತ್ತಾರೆ, ಆದರೂ ‘ಯೆಹೋವನು ನಮ್ಮ ಮಧ್ಯದಲ್ಲಿದ್ದಾನಲ್ಲಾ’ ಎಂದು ನೆಮ್ಮದಿಯಿಂದಿದ್ದಾರೆ ಎಂದು ಮೀಕನು ಕೂಗಿದ್ದು (3:11) ಇಂಥದ್ದಕ್ಕೇ. ಗೋಡೆ ಕಟ್ಟಿಸಿದವನ ಮಗ ಬಡವರ ಮನೆ ಮಂಜೂರಿಗೆ ದುಡ್ಡು ಕೇಳಿದರೆ ಸಭಾಪಾಲಕರು ಯಾವ ಬಾಯಿಂದ ಪ್ರಶ್ನಿಸಬೇಕು? ಸಭೆಯ ಪರವಾಗಿ ಆ ಕೊಡುಗೆಯನ್ನು ಬರವಣಿಗೆಯಲ್ಲಿ, ವಿನಯದಿಂದ ನಿರಾಕರಿಸಿರಿ. ಗೋಡೆ ಬೇಕಾದರೆ ನಮ್ಮ ಕಾಣಿಕೆಯಲ್ಲಿ, ನಾಲ್ಕು ವರ್ಷ ತಡವಾದರೂ, ಕಟ್ಟೋಣ.

ಹಣ ಹಂಚದೆಯೂ ಜನರ ಹೃದಯ ಕದಿಯುವವರಿದ್ದಾರೆ. ಅರಸ ದಾವೀದನ ಮಗ ಅಬ್ಷಾಲೋಮನು ರಥ, ಕುದುರೆ, ಮುಂದೆ ಓಡಲು ಐವತ್ತು ಆಳು ಇಟ್ಟುಕೊಂಡು, ಹೊತ್ತಾರೆಯೇ ಎದ್ದು ಊರಬಾಗಿಲ ದಾರಿಯಲ್ಲಿ ನಿಲ್ಲುತ್ತಿದ್ದನು. ವ್ಯಾಜ್ಯಕ್ಕೆ ಬಂದ ಪ್ರತಿಯೊಬ್ಬನಿಗೂ ‘ನಿನ್ನ ಮಾತು ನ್ಯಾಯವಾದದ್ದೇ, ಆದರೆ ಕೇಳುವವರಿಲ್ಲ, ನಾನಿದ್ದರೆ ನೋಡು’ ಎನ್ನುತ್ತಿದ್ದನು. ಅಡ್ಡಬೀಳಲು ಬಂದವನನ್ನು ಹಿಡಿದು ಮುದ್ದಿಡುತ್ತಿದ್ದನು (2 ಸಮುವೇಲ 15:1–6). ಎದುರುಪಕ್ಷದವನ ಮಾತನ್ನು ಅವನು ಒಮ್ಮೆಯೂ ಕೇಳಲಿಲ್ಲ. ಬದುವಿನ ಜಗಳದಲ್ಲಿ ಇಬ್ಬರಿಗೂ ‘ನಿಂದೇ ಸರಿ’ ಎನ್ನುವ ಅಭ್ಯರ್ಥಿ ನಿಮ್ಮಲ್ಲಿದ್ದರೆ ಈ ಭಾಗವನ್ನು ನೆನೆಯಿರಿ.

ಸಾಮರ್ಥ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಇತ್ರೋ ಅದನ್ನೇ ಮೊದಲು ಹೇಳಿದ್ದಾನೆ. ಕೈ ಶುದ್ಧವಿದ್ದು ಕ್ರಿಯಾಯೋಜನೆ ಓದಲು ಬಾರದ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳಿದಲ್ಲಿ ಸಹಿ ಹಾಕುವ ಸದಸ್ಯರಿಂದ ಊರಿಗೆ ಪ್ರಯೋಜನ ಕಡಿಮೆ. ನಿಮ್ಮ ವಾರ್ಡು ಮಹಿಳೆಗೆ ಮೀಸಲಾಗಿದ್ದರೆ, ಅಭ್ಯರ್ಥಿಯಾದ ತಾಯಿಯೇ ಬಂದು ಮಾತಾಡಲಿ ಎಂದು ಕೇಳಿರಿ. ಎಫ್ರಾಯೀಮ್ ಬೆಟ್ಟದಲ್ಲಿ ಖರ್ಜೂರದ ಮರದ ಕೆಳಗೆ ಕುಳಿತು ಇಸ್ರಾಯೇಲ್ಯರ ನ್ಯಾಯ ತೀರಿಸಿದವಳು ದೆಬೋರಳೇ, ಅವಳ ಗಂಡ ಲಪ್ಪೀದೋತನಲ್ಲ (ನ್ಯಾಯಸ್ಥಾಪಕರು 4:4–5).

ಒಟ್ಟಾಗಿ ಮತ ಹಾಕುವ ಹಿರಿಯರ ಅಪೇಕ್ಷೆಯ ಹಿಂದೆ ಒಂದು ನಿಜವಾದ ನೋವಿದೆಯೆಂದು ನಾನು ಬಲ್ಲೆ. ಸಣ್ಣ ಸಮುದಾಯ, ಕೇಳುವವರಿಲ್ಲ, ನಮ್ಮವರೊಬ್ಬರು ಒಳಗಿದ್ದರೆ ಸ್ಮಶಾನಕ್ಕೆ ದಾರಿಯಾದರೂ ಸಿಕ್ಕೀತು ಎಂಬ ಆಸೆ. ಆ ನೋವನ್ನು ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯ ಕಡೆಗಣಿಸುವುದಿಲ್ಲ. ದಿನದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟಿದ್ದಾರೆಂಬ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ದೂರಿದವರನ್ನು ಸುಮ್ಮನಾಗಿಸಲಿಲ್ಲ. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸಿರೆಂದು ಎಲ್ಲರಿಗೂ ಹೇಳಿದರು. ಆರಿಸಲ್ಪಟ್ಟ ಏಳೂ ಹೆಸರು ಗ್ರೀಕ್ ಹೆಸರುಗಳು. ಬಹುಸಂಖ್ಯೆಯವರು ಅಲಕ್ಷ್ಯಕ್ಕೊಳಗಾದವರ ಕಡೆಯವರ ಕೈಗೇ ಎಲ್ಲರ ಹಂಚಿಕೆಯನ್ನು ಒಪ್ಪಿಸಿದರೆಂದು ಇದರಿಂದ ಊಹಿಸಬಹುದು. ಪ್ರಾತಿನಿಧ್ಯ ಬೇಕು, ನಿಜ. ಆದರೆ ಅಲ್ಲಿಯೂ ‘ಒಳ್ಳೆಯ ಹೆಸರುಳ್ಳ’ ಎಂಬ ಷರತ್ತು ಮೊದಲೇ ಬಂದಿದೆ, ಆಯ್ಕೆಯಾದವರು ಹಂಚಿದ್ದು ಎಲ್ಲ ವಿಧವೆಯರಿಗೂ. ಸಭೆಯ ಹೆಸರಿನಲ್ಲಿ ಮತ ಕೇಳುವುದಂತೂ ಕಾನೂನಿನ ದೃಷ್ಟಿಯಿಂದಲೂ ಅಪಾಯದ ದಾರಿ: ವಿಧಾನಸಭೆ, ಲೋಕಸಭೆಯ ಚುನಾವಣೆಗಳಲ್ಲಿ ಅಭ್ಯರ್ಥಿಯ ಇಲ್ಲವೇ ಮತದಾರರ ಧರ್ಮ, ಜಾತಿಯ ಆಧಾರದ ಮೇಲೆ ಮತ ಕೇಳುವುದು ಭ್ರಷ್ಟ ಆಚರಣೆಯೆಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿದೆ.

ನಿಮ್ಮ ಪತ್ರದಲ್ಲಿರುವುದೆಲ್ಲ ನೀವೇ ಕಂಡು ವಿಚಾರಿಸಿದ್ದಾಗಿದ್ದರೆ, ಮತ್ತು ನಿಮ್ಮ ಸಭೆಯ ಸಹೋದರರು ಲೆಕ್ಕ ಓದಲು ಒಪ್ಪದಿದ್ದರೆ, ನಿಮ್ಮ ಮತ ಎರಡನೆಯವರಿಗೆ ಹೋಗಬೇಕೆಂಬುದೇ ನನ್ನ ಸಲಹೆ. ಅದರಿಂದ ನೀವು ಸಭೆಗೆ ದ್ರೋಹ ಮಾಡಿದಂತಾಗುವುದಿಲ್ಲ. ಹಿರಿಯರ ಮುಂದೆ ಕಾರಣವನ್ನು ಗೌರವದಿಂದ ತಿಳಿಸಿ, ಅವರನ್ನು ದೂರದೆ, ಹಾಗೆ ಮಾಡಬಹುದು. ಗೆದ್ದವರು ಯಾರೇ ಆದರೂ ಅವರಿಗಾಗಿ ಪ್ರಾರ್ಥಿಸಬೇಕೆಂದು ಒಂದನೆಯ ತಿಮೊಥೆ 2:1–2 ಹೇಳುತ್ತದೆ, ಅದನ್ನು ಆ ಭಾನುವಾರವೇ ಹೆಸರು ಹಿಡಿದು ಮಾಡಿರಿ. ಮತ್ತು ಸಮುವೇಲನ ಪ್ರಶ್ನೆಯನ್ನು ವರ್ಷವರ್ಷವೂ ಕೇಳಲು ನಮ್ಮ ರಾಜ್ಯದ ಪಂಚಾಯಿತಿ ವ್ಯವಸ್ಥೆಯಲ್ಲೇ ಅವಕಾಶವಿದೆ. ಗ್ರಾಮ ಸಭೆಯಲ್ಲಿ ವಸತಿ ಫಲಾನುಭವಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸಬಹುದು. ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ಜಮಾಬಂದಿಯ ದಿನ ನಗದು ಪುಸ್ತಕ, ಬಿಲ್ಲು, ಅಳತೆ ಪುಸ್ತಕಗಳನ್ನು ಜನರ ಮುಂದೆ ಇಡಬೇಕು. ಸಿಸಿ ರಸ್ತೆಯ ಅಳತೆ ಪುಸ್ತಕದಲ್ಲಿ ಬರೆದಿರುವ ಉದ್ದವನ್ನು ಟೇಪು ಹಿಡಿದು ಸ್ಥಳದಲ್ಲೇ ನೋಡಬಹುದು. ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಸಾಕು, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಿಮ್ಮ ಸಭೆಯಿಂದ ಓದುಬರಹ ಬಲ್ಲ ಇಬ್ಬರು ಯುವಕರನ್ನೂ ಇಬ್ಬರು ಯುವತಿಯರನ್ನೂ, ಹಣ ತೆಗೆದುಕೊಂಡರೆ ತಪ್ಪೇನೆಂದು ಕೇಳಿದವರನ್ನೂ ಸೇರಿಸಿ, ಮುಂದಿನ ಜಮಾಬಂದಿಗೆ ಕಳುಹಿಸಿರಿ. ಅವರು ಮೊದಲು ಕೇಳಬೇಕಾದದ್ದು ನಿಮ್ಮ ಓಣಿಯ ಚರಂಡಿಯ ಬಿಲ್ಲು.